ಬಿಳಿ ಹಾಯಿ ಏರಿಸಿದ ನಿಕಾನ

ಗ್ರೀಕರ ದೇಶದಲ್ಲಿ, ಸಮುದ್ರದ ದಂಡೆಯಲ್ಲಿ ಒಂದೂರು ಮಕ್ಕಳೇ. ಅಲ್ಲಿ ಮಿರ್ತೊ ಅಂತ ಒಬ್ಬಳು ಗಂಡನಿಲ್ಲದ ಹೆಂಗಸು, ಅವಳಿಗೆ ನಿಕಾನ ಅಂತ ಒಬ್ಬನೇ ಮಗ. ಮೈ ಎತ್ತಿನ ಹಾಗೆ, ಬುದ್ಧಿ ಮಾತ್ರ ಸೊನ್ನೆ.

ಒಂದು ದಿನ ಮಿರ್ತೊ ಅಂಗಳದಲ್ಲಿ ಅಂಜೂರ ಹರವಿ, "ಇಲ್ಲೇ ಕೂತಿರು, ಏಳಬೇಡ" ಅಂದು ನೀರಿಗೆ ಹೋದಳು. ಮೇಕೆ ಬಂತು, ತಿಂತು, ಹೋಯಿತು. ಇವನು ಏಳಲಿಲ್ಲ.

"ಅಯ್ಯೋ ನನ್ನ ಕರ್ಮವೇ, ಮೇಕೆ ಕಂಡರೆ ಕೋಲು ತಗೊಂಡು ಓಡಿಸಬೇಕು ಕಣೋ."

"ಹೂಂ ಅಮ್ಮ, ಹಾಗೇ ಮಾಡ್ತೀನಿ."

ಮಾಡಿದ. ಮರುದಿನ ಪೂಜಾರಿ ಸಮುದ್ರದೇವರ ಬಲಿಗೆ ಅಂತ ಮೇಕೆಗೆ ಹಾರ ಹಾಕಿ ಕರೆತರುತ್ತಿದ್ದ. ನಿಕಾನ ಕೋಲು ತಗೊಂಡು ಅದನ್ನು ಬೆಟ್ಟ ದಾಟಿಸಿದ. ಪೂಜಾರಿ ಬಾಗಿಲಿಗೇ ಬಂದು ಬಾಯಿಗೆ ಬಂದ ಹಾಗೆ ಬೈದ. ಮಿರ್ತೊ ಮಗನ ಕಿವಿ ಹಿಂಡಿದಳು.

"ಯಾರೂ ಹೇಳದೆ ಯಾವುದಕ್ಕೂ ಕೈ ಹಾಕಬೇಡ. ಹೇಳಿದ ಮೇಲೇ ಮಾಡು, ತಿಳೀತಾ?"

"ತಿಳೀತು ಅಮ್ಮ."

ಆಗ ದೂರದ ದ್ವೀಪದಲ್ಲಿ ಗೂಳಿತಲೆಯ ರಾಕ್ಷಸನೊಬ್ಬನಿದ್ದ. ಈ ಊರಿನ ಹುಡುಗ ಹುಡುಗಿಯರೇ ಅವನಿಗೆ ಊಟ. ಅವನನ್ನು ಕೊಲ್ಲಲು ರಾಜಕುಮಾರ ಕಪ್ಪು ಹಾಯಿಯ ಹಡಗು ಹತ್ತಿದ. ಮುದಿ ರಾಜ ಅವನ ಕೈ ಹಿಡಿದು, "ಬದುಕಿ ಬಂದರೆ ಬಿಳಿ ಹಾಯಿ ಏರಿಸು ಮಗನೇ. ಕಪ್ಪೇ ಕಂಡರೆ ನಾನು ಉಳಿಯೋದಿಲ್ಲ" ಅಂದ. ಮಿರ್ತೊ ಅವರಿವರ ಕಾಲಿಗೆ ಬಿದ್ದು ಮಗನಿಗೂ ಅದೇ ಹಡಗಿನಲ್ಲಿ ಹಾಯಿ ಏರಿಸುವ ಕೆಲಸ ಕೊಡಿಸಿದಳು. ಇದೊಂದನ್ನಾದರೂ ನೆಟ್ಟಗೆ ಮಾಡಿ ಮನುಷ್ಯ ಅನ್ನಿಸಿಕೊಳ್ಳಲಿ ಅಂತ ಅವಳ ಆಸೆ.

ರಾಕ್ಷಸ ಸತ್ತ. ಬರುವ ದಾರಿಯಲ್ಲಿ ರಾಜಕುಮಾರ ಕುಡಿದ, ಕುಣಿದ, ಹಾಯಿಯ ಮಾತು ಮರೆತೇಬಿಟ್ಟ. ನಿಕಾನ ಬಿಳಿ ಹಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಯಾರೂ ಹೇಳಲಿಲ್ಲ. ಇವನು ಕೈ ಹಾಕಲಿಲ್ಲ.

ಬಂಡೆಯ ಮೇಲೆ ಕಾಯುತ್ತಿದ್ದ ರಾಜನಿಗೆ ಕಪ್ಪು ಹಾಯಿ ಕಂಡಿತು. ಅಲ್ಲೇ ಮಗನ ದಾರಿ ನೋಡುತ್ತಿದ್ದ ಮಿರ್ತೊ ತಡೆಯುವಷ್ಟರಲ್ಲಿ ರಾಜ ಸಮುದ್ರಕ್ಕೆ ಹಾರಿದ.

ಹಡಗು ದಡ ಸೇರಿತು. ಮರೆತವನು ರಾಜಕುಮಾರ, ಅವನನ್ನು ಬೈಯೋಕೆ ಯಾರಿಗೆ ಧೈರ್ಯ? ಊರೆಲ್ಲ ನಿಕಾನನ ಮುಖಕ್ಕೆ ಉಗಿಯಿತು. ಹೇಳಿದ ಮೇಲೇ ಮಾಡು ಅಂದವಳು ತಾನೇ ಅಂತ ಮಿರ್ತೊಗೆ ಗೊತ್ತಿತ್ತು. ಗೊತ್ತಿದ್ದೂ ಮಗನ ಬೆನ್ನಿಗೆ ಗುದ್ದಿದಳು.

"ಬಿಳಿ ಹಾಯಿ ಏರಿಸೋ ಅಂತ ನಾನೇ ಬಂದು ಹೇಳಬೇಕಿತ್ತೇನೋ?"

"ಈಗ ಹೇಳಿದೆಯಲ್ಲಮ್ಮ" ಅಂದವನೇ ಹಡಗಿಗೆ ಓಡಿದ.

ದಡದಲ್ಲಿ ರಾಜನ ಹೆಣ ಎತ್ತುತ್ತಿದ್ದರು. ಊರಿಗೆ ಊರೇ ಅಳುತ್ತಿತ್ತು. ಅವರ ತಲೆಯ ಮೇಲೆ ಬಿಳಿ ಹಾಯಿ ಪಟಪಟ ಅಂತ ಏರಿತು. ನಿಕಾನ ಹಡಗಿನಿಂದಲೇ ಕೂಗಿ ಹೇಳಿದ:

"ಅಮ್ಮಾ, ಏರಿಸಿದೆ. ರಾಜರ ಮುಖ ಸ್ವಲ್ಪ ಈ ಕಡೆ ತಿರುಗಿಸೋಕೆ ಹೇಳು."