ಕಹಿ ಕಳೆದುಕೊಂಡ ನೆಲಬೇವು

ಒಂದು ಕಾಡಿನಲ್ಲಿ ಜ್ವರಕ್ಕೆ ಮದ್ದು ಕೊಡುವ ಮುದಿ ಮುಳ್ಳುಹಂದಿಯೊಂದಿತ್ತು. ಕಾಡಿನ ಪ್ರಾಣಿಗಳೆಲ್ಲ ಅದನ್ನು ಹೊನ್ನಜ್ಜಿ ಎಂದು ಕರೆಯುತ್ತಿದ್ದವು. ಗುಡ್ಡದ ಇಳಿಜಾರಿನಲ್ಲಿ, ಕಲ್ಲುಹರಳು ತುಂಬಿದ ಗರಸು ಮಣ್ಣಿನಲ್ಲಿ ಅದು ನೆಲಬೇವು ಬೆಳೆಸುತ್ತಿತ್ತು. ಮೊದಲ ಮಳೆ ಬಿದ್ದಾಗ ಗಿಡದ ಬುಡಕ್ಕೆ ಒಂದು ಹಿಡಿ ಕೊಳೆತ ತರಗೆಲೆ ಹಾಕುತ್ತಿತ್ತು. ಆಮೇಲೆ ಬಿಸಿಲು ಗಾಳಿಗೆ ಬಿಟ್ಟುಬಿಡುತ್ತಿತ್ತು. ಗಿಡಗಳು ಮೊಲದ ಕಿವಿಗಿಂತ ಎತ್ತರ ಏಳುತ್ತಿರಲಿಲ್ಲ. ಎಲೆಗಳೂ ಸಣ್ಣವು. ಆದರೆ ಒಂದೆಲೆ ಅಗಿದರೆ ಸಂಜೆಯವರೆಗೂ ನಾಲಿಗೆಯ ಮೇಲೆ ಕಹಿ ನಿಲ್ಲುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಕಾಡಿಗೆ ಬರುತ್ತಿದ್ದ ಜ್ವರ ಆ ಕಹಿಗೇ ಇಳಿಯುತ್ತಿತ್ತು.

ಅದೇ ಕಾಡಿನಲ್ಲಿ ಕೆಂಚ ಎಂಬ ನರಿ ಇತ್ತು. ಹೊನ್ನಜ್ಜಿಗೆ ಸಿಗುವ ಮರ್ಯಾದೆ ನೋಡಿ ಅದಕ್ಕೆ ಹೊಟ್ಟೆಯುರಿ. ಒಂದು ದಿನ ಅದು ಅಜ್ಜಿಯ ಬಳಿ ಹೋಗಿ, ವಯಸ್ಸಾದ ನಿಮಗೆ ನೆರವಾಗುತ್ತೇನೆ, ನನಗೂ ಕೆಲವು ಸಸಿ ಕೊಡಿ ಎಂದು ಕೇಳಿತು. ಮುಳ್ಳುಹಂದಿ ಸಂತೋಷದಿಂದಲೇ ಕೊಟ್ಟಿತು. ಕೊಡುವಾಗ ಒಂದು ಮಾತು ಹೇಳಿತು.

"ಹೊಳೆದಂಡೆಯ ಮೆತ್ತನೆ ಮಣ್ಣಿಗೆ ಇದನ್ನು ಇಡಬೇಡ ಕೆಂಚ. ಗೊಬ್ಬರವನ್ನೂ ಸುರಿಯಬೇಡ. ಗೊಬ್ಬರ ಕೆಟ್ಟದ್ದಲ್ಲ, ಕುಂಬಳದ ಬಳ್ಳಿಗೆ ಎಷ್ಟು ಹಾಕಿದರೂ ಒಳ್ಳೆಯದೇ. ಈ ಗಿಡ ಹಾಗಲ್ಲ. ಬದುಕಲು ತಾನು ಪಟ್ಟ ಕಷ್ಟವನ್ನೇ ಕಹಿ ಮಾಡಿ ಎಲೆಯಲ್ಲಿ ಇಟ್ಟುಕೊಳ್ಳುತ್ತದೆ. ಆ ಕಹಿಯೇ ಮದ್ದು."

ನರಿ ತಲೆಯಾಡಿಸಿತು. ಆದರೆ ಗುಡ್ಡ ಇಳಿದದ್ದೇ ತಡ, ಸಸಿಗಳನ್ನು ಹೊಳೆದಂಡೆಯ ಕಪ್ಪು ಮಣ್ಣಿನಲ್ಲಿ ನೆಟ್ಟಿತು. ಗವಿಯಿಂದ ಬಾವಲಿಗಳ ಹಿಕ್ಕೆಯನ್ನು ಹೊತ್ತು ತಂದು ಬುಡಬುಡಕ್ಕೆ ಗುಡ್ಡೆ ಹಾಕಿತು. ಗಿಡಗಳು ನೋಡನೋಡುತ್ತಲೇ ನರಿಯ ತಲೆಗಿಂತ ಮೇಲೆ ಬೆಳೆದವು. ಎಲೆಗಳು ಅಗಲವಾಗಿ, ಎಣ್ಣೆ ಸವರಿದಂತೆ ಹೊಳೆದವು. ನರಿ ಒಂದೆಲೆ ಕಿತ್ತು ಅಗಿದು ನೋಡಿತು. ಹುಲ್ಲು ಅಗಿದಂತಿತ್ತು. ಕಹಿ ಇದೆಯೋ ಇಲ್ಲವೋ ಎನ್ನುವಷ್ಟೇ. ನರಿ ಅಗಿದದ್ದನ್ನು ಉಗಿಯಿತು. ಆದರೂ ಹೋಗಿ, ಹೊಸ ನೆಲಬೇವು ಬೆಳೆದಿದ್ದೇನೆ ಎಂದು ಕಾಡಿಗೆಲ್ಲ ಸಾರಿತು. ಮರಿಗಳೂ ಮುಖ ಕಿವುಚದೆ ತಿನ್ನಬಹುದಾದ ಮದ್ದು ಇದು ಎಂದಿತು.

ಪ್ರಾಣಿಗಳು ಬಂದು ನೋಡಿ ಬೆರಗಾದವು. ಎಲ್ಲಕ್ಕಿಂತ ಹೆಚ್ಚು ಹಿಗ್ಗಿದ್ದು ನೀಲಿ ಎಂಬ ಕಡವೆ. ಅದಕ್ಕೆ ಒಂದೇ ಮರಿ. ಹೋದ ವರ್ಷ ಆ ಮರಿ ಅಜ್ಜಿಯ ಮದ್ದನ್ನು ಉಗಿದು ಉಗಿದು ತಾಯಿಯನ್ನು ಅಳಿಸಿತ್ತು. ಇನ್ನು ಆ ಗೋಳಿಲ್ಲ ಎಂದು ನೀಲಿ ಸಿಕ್ಕವರ ಬಳಿಯೆಲ್ಲ ನರಿಯನ್ನು ಹೊಗಳಿತು.

ಆದರೂ ನರಿಗೆ ಒಳಗೊಳಗೇ ಅಂಜಿಕೆ. ಗುಡ್ಡದ ಗಿಡ ಇರುವವರೆಗೂ ಯಾರಾದರೂ ಒಂದು ದಿನ ಎರಡನ್ನೂ ಹೋಲಿಸಿ ನೋಡಬಹುದು. ಅದು ಕಾಡುಹಂದಿಗಳ ಹಿಂಡಿನ ಬಳಿ ಹೋಗಿ, ಅಜ್ಜಿಯ ಇಳಿಜಾರಿನಲ್ಲಿ ರುಚಿಯಾದ ಗೆಡ್ಡೆಗಳಿವೆ, ಆ ಬಡಕಲು ಗಿಡಗಳು ಇನ್ನು ಯಾರಿಗೂ ಬೇಡ ಎಂದು ಹೇಳಿತು. ಹಂದಿಗಳು ನಂಬಿ ಇಳಿಜಾರನ್ನು ಮೂತಿಯಿಂದ ಅಗೆದು ಹಾಕಿದವು. ಮುಳ್ಳುಹಂದಿ ಅಡ್ಡ ನಿಂತು ಬೇಡಿಕೊಂಡಿತು. ಹಂದಿಗಳು ಕೇಳಲಿಲ್ಲ. ಸುತ್ತ ನಿಂತು ನೋಡುತ್ತಿದ್ದವರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ನೀಲಿಯೂ ಅಲ್ಲಿತ್ತು. ಕೊನೆಗೆ ಎರಡು ಬಂಡೆಗಳ ನಡುವೆ, ಹಂದಿಗಳ ಮೂತಿ ತೂರದ ಕಡೆ ಮಾತ್ರ ಒಂದಷ್ಟು ಗಿಡ ಉಳಿದವು.

ಮಳೆ ನಿಂತಿತು. ಜ್ವರ ಬಂತು. ಆ ವರ್ಷದ ಜ್ವರ ಹಿಂದೆಂದಿಗಿಂತ ಬಿರುಸಾಗಿತ್ತು.

ನೀಲಿಯ ಮರಿ ಮೊದಲು ಮಲಗಿತು. ತಾಯಿ ಹೊಳೆದಂಡೆಗೆ ಓಡಿತು. ನರಿ ಹೊರೆಗಟ್ಟಲೆ ಎಲೆ ಕೊಟ್ಟಿತು. ಮರಿ ಹಟ ಮಾಡದೆ ತಿಂದಿತು. ಜ್ವರ ಇಳಿಯಲಿಲ್ಲ. ನೀಲಿ ಮತ್ತೆ ಬಂದಾಗ, ಕೊಟ್ಟದ್ದು ಸಾಲದು, ಇನ್ನಷ್ಟು ತಿನ್ನಿಸು ಎಂದು ನರಿ ಹೇಳಿತು. ಮರಿ ಅದನ್ನೂ ತಿಂದಿತು. ಮರುದಿನ ಬೆಳಗ್ಗೆ ತಾಯಿ ನೆಕ್ಕಿ ಎಬ್ಬಿಸಿದರೆ ಅದು ಏಳಲಿಲ್ಲ. ಬಿಸಿಲೇರುವವರೆಗೂ ನೀಲಿ ಮರಿಯನ್ನು ನೆಕ್ಕುತ್ತಲೇ ಇತ್ತು. ಆಮೇಲೆ ಎದ್ದು ಗುಡ್ಡ ಹತ್ತಿತು.

ಹೊನ್ನಜ್ಜಿ ಯಾವುದನ್ನೂ ಎತ್ತಿ ಆಡಲಿಲ್ಲ. ಬಂಡೆಗಳ ನಡುವಿನ ಗಿಡಗಳಿಂದ ಎಲೆ ಬಿಡಿಸಿ ಕೊಟ್ಟಿತು. ನೀಲಿ ಅದನ್ನು ಕಾಯಿಲೆ ಬಿದ್ದ ಬೇರೆಯವರ ಮರಿಗಳಿಗೆ ಹಂಚಿತು. ಉಗಿದವರ ಬಾಯಿಗೆ ಮತ್ತೆ ಇಟ್ಟಿತು. ಮರಿಗಳ ಮೈ ತಣ್ಣಗಾಗತೊಡಗಿತು. ಸುದ್ದಿ ಹರಡಿ, ನಡೆಯಲಾಗುವವರೆಲ್ಲ ಗುಡ್ಡಕ್ಕೆ ಬಂದರು. ಎಲೆಗಳು ದಿನದಿನಕ್ಕೆ ಕಡಿಮೆಯಾದವು.

ಒಂದು ಮಧ್ಯಾಹ್ನ ಕೆಂಚ ಬಂತು. ಅದರ ಕಾಲು ನಡುಗುತ್ತಿದ್ದವು, ಕಣ್ಣು ಕೆಂಪಾಗಿದ್ದವು. ತನಗೂ ಮದ್ದು ಬೇಕು ಎಂದು ಮೆಲ್ಲಗೆ ಕೇಳಿತು. ಅಲ್ಲಿದ್ದ ಪ್ರಾಣಿಗಳೆಲ್ಲ ತಿರುಗಿ ನೋಡಿದವು. ನೀಲಿ ಮುಂದೆ ಬಂತು.

"ನಿನ್ನ ತೋಟದಲ್ಲಿ ಅಷ್ಟೊಂದು ಬೆಳೆದಿದೆಯಲ್ಲ. ಇಲ್ಲಿಗೆ ಯಾಕೆ ಬಂದೆ?"

ನರಿ ತಲೆ ತಗ್ಗಿಸಿತು. "ಅದರಲ್ಲಿ ಕಹಿ ಇಲ್ಲ" ಎಂದಿತು.

"ಯಾವಾಗ ಗೊತ್ತಾಯಿತು?"

ನರಿಗೆ ಸುಳ್ಳು ಹೇಳಲು ಶಕ್ತಿ ಇರಲಿಲ್ಲ. "ಮೊದಲ ಎಲೆ ಕಿತ್ತಾಗಲೇ" ಎಂದಿತು.

ಕಾಡುಹಂದಿಗಳು ಸಿಟ್ಟಿನಿಂದ ಮುನ್ನುಗ್ಗಿದವು. ನೀಲಿಯೇ ಅವನ್ನು ತಡೆಯಿತು. ಹೊನ್ನಜ್ಜಿ ನರಿಯನ್ನು ಬಂಡೆಗಳ ಬಳಿಗೆ ಕರೆದೊಯ್ದು ತೋರಿಸಿತು. ಎಲ್ಲ ಗಿಡಗಳೂ ಬೋಳಾಗಿದ್ದವು. ಒಂದರಲ್ಲಿ ಮಾತ್ರ ಎಲೆ ಉಳಿದಿತ್ತು. ಅದರ ತುದಿಯಲ್ಲಿ ಸಣ್ಣ ಕಾಯಿಗಳು ಕಟ್ಟಿದ್ದವು, ಇನ್ನೂ ಹಸಿರಾಗಿದ್ದವು.

"ಬಂದವರಿಗೆ ನಾನು ಇಲ್ಲ ಎಂದವಳಲ್ಲ ಕೆಂಚ" ಎಂದಿತು ಮುಳ್ಳುಹಂದಿ. "ಆದರೆ ಇದು ಬೀಜಕ್ಕೆ ಬಿಟ್ಟ ಗಿಡ. ಎಲೆ ತೆಗೆದರೆ ಕಾಯಿ ಬಲಿಯುವುದಿಲ್ಲ. ಇಳಿಜಾರು ತುಂಬ ಗಿಡ ಇದ್ದಿದ್ದರೆ ನಿನಗೂ ಇರುತ್ತಿತ್ತು."

ಹಂದಿಗಳು ಅಗೆದು ಬರಿದುಮಾಡಿದ ಇಳಿಜಾರನ್ನು ನರಿ ನೋಡಿತು. ಆಮೇಲೆ ಗುಡ್ಡ ಇಳಿದುಹೋಯಿತು.

ಕೆಲವು ದಿನಗಳ ನಂತರ ಹೊಳೆಗೆ ನೀರಿಗೆ ಹೋದ ಜಿಂಕೆಗಳು ಅದನ್ನು ಕಂಡವು. ಕೆಂಚ ತನ್ನ ತೋಟದ ನಡುವೆ ಸತ್ತು ಬಿದ್ದಿತ್ತು. ಸುತ್ತಲಿನ ಗಿಡಗಳೆಲ್ಲ ಬರಿದಾಗಿದ್ದವು. ಬಾಯಿಯ ತುಂಬ ಆ ಅಗಲವಾದ ಎಲೆಗಳೇ ಇದ್ದವು.

ಗುಡ್ಡದ ಮೇಲೆ ಕಾಯಿ ಬಲಿತು ಒಣಗಿದವು. ಮುಂದಿನ ಮಳೆಗೆ ಕಾಡುಹಂದಿಗಳೇ ಇಳಿಜಾರನ್ನು ಮಟ್ಟಮಾಡಿಕೊಟ್ಟವು. ಹೊನ್ನಜ್ಜಿ ಬೀಜ ಬಿತ್ತಿತು. ನೀಲಿ ತರಗೆಲೆ ಹೊತ್ತು ತಂದು, ಬುಡಕ್ಕೆ ಎಷ್ಟು ಹಾಕಬೇಕು ಎಂದು ಕೇಳಿ ಕೇಳಿ ಹಾಕಿತು.

ನೀತಿ: ಮದ್ದಿನ ಗಿಡವನ್ನು ಅದರ ಗುಣದಿಂದ ಅಳೆಯಬೇಕು, ಎತ್ತರ, ಹೊಳಪು ನೋಡಿ ಮರುಳಾಗಬಾರದು. ಸತ್ವವಿಲ್ಲ ಎಂದು ತಿಳಿದೂ ಮದ್ದೆಂದು ಕೊಡುವವನಿಗೆ ಕೊನೆಗೆ ಉಳಿಯುವುದು ಆ ಸತ್ವವಿಲ್ಲದ ಮದ್ದು ಮಾತ್ರ.