ಹತ್ತಿ ಕೇಳಿದ ಅಳಿಲು

ಜನವರಿ ಹನ್ನೊಂದು. ಬೆಳಗಿನಿಂದ ಮಂಜು, ಮೈ ಕೊರೆಯುವ ಗಾಳಿ. ದಿನ ತುಂಬುವ ಮೊದಲೇ ಹುಟ್ಟಿದ ಮರಿಯನ್ನು ಎದೆಗವಚಿಕೊಂಡು ಇಲಿ ಕಾಯುತ್ತಿತ್ತು. ಅಂಥ ಮರಿಗಳನ್ನು ಬೆಚ್ಚಗಿಡುವ ಚೀಲವೊಂದನ್ನು ಸೂಲಗಿತ್ತಿ ಅಳಿಲು ಕಂಡುಹಿಡಿದಿತ್ತು. ಅದಕ್ಕೆ ತುಂಬುವ ಹತ್ತಿ ಕೇಳಲು ನವಿಲುಗಳ ಸಂಘಕ್ಕೆ ಹೋದದ್ದು ಸಂಜೆಗೆ ಮರಳಿತು.

“ಹತ್ತಿ ಕೊಟ್ಟರೇನಕ್ಕಾ?”

“ವೇದಿಕೆ ಹತ್ತಿಸಿದರು. ನಿನ್ನ ಚೀಲ ಕಾಡಿಗೇ ಹೆಮ್ಮೆ ಎಂದು ಒಬ್ಬೊಬ್ಬರೂ ಗರಿಬಿಚ್ಚಿ ಭಾಷಣ ಮಾಡಿದರು. ಶಾಲು ಹೊದಿಸಿದರು.”

“ಶಾಲಾದರೂ ಆದೀತು, ಬೇಗ ತಾ! ಮರಿ ತಣ್ಣಗಾಗುತ್ತಿದೆ.”

“ಫೋಟೊ ಆದಮೇಲೆ ಬಿಚ್ಚಿಕೊಂಡರು, ತಾಯಿ. ನಾಳೆ ಇನ್ನಾರಿಗೋ ಸನ್ಮಾನವಂತೆ.”

“ಹಾಗಾದರೆ ಕೊನೆಗೆ ಕೊಟ್ಟದ್ದಾದರೂ ಏನು?”

ಅಳಿಲು ಕಂಕುಳಿನಿಂದ ತೆಗೆದು ಇಲಿಯ ಮುಂದಿಟ್ಟಿತು: ಒಂದು ನಿಂಬೆಹಣ್ಣು.