ಹೆಬ್ಬೆರಳಿನ ಅನುಮಾನ

ಮೈಯಲ್ಲಿ ಜ್ವರ ಏರಿದಾಗ ಹೆಬ್ಬೆರಳಿನ ಸ್ನಾಯುಕೋಶ ಉಳಿದ ಕೆಲಸವನ್ನೆಲ್ಲ ನಿಲ್ಲಿಸಿತು. ಬಿಸಿಗೆ ಮುದುಡಿದ ಪ್ರೊಟೀನುಗಳನ್ನು ನೆಟ್ಟಗೆ ಮಾಡುವ ರಕ್ಷಕರನ್ನು ರಾಶಿರಾಶಿಯಾಗಿ ತಯಾರಿಸಿಕೊಂಡಿತು. ಪಕ್ಕದ ನರಕೋಶ ಮಾತ್ರ ಒಬ್ಬ ರಕ್ಷಕನನ್ನೂ ತಯಾರಿಸದೆ, ಎಂದಿನಂತೆ ಮಿದುಳಿನ ಅಪ್ಪಣೆಗಳನ್ನು ತಲುಪಿಸುತ್ತಲೇ ಇತ್ತು.

"ಎಲ್ಲರೂ ಬೇಯುತ್ತಿದ್ದೇವೆ, ನಿನಗೆ ಗಾಬರಿಯೇ ಇಲ್ಲ. ಜ್ವರವನ್ನು ಒಳಗೆ ಬಿಟ್ಟವನು ನೀನೇ ಇರಬೇಕು," ಎಂದಿತು ಸ್ನಾಯು.

"ನನಗೂ ಸುಡುತ್ತಿದೆ, ಅಣ್ಣ. ನಾನು ಕೆಲಸ ನಿಲ್ಲಿಸಿದರೆ ನಿನಗೆ ಅಪ್ಪಣೆ ತರುವವರು ಯಾರು?" ಎಂದಿತು ನರ.

ಈ ಉತ್ತರ ಸ್ನಾಯುವಿಗೆ ತೀರಾ ನಯವಾಗಿ ಕಂಡಿತು. ಅದು ಕಣ್ಣಿಟ್ಟು ಕಾಯಿತು. ಸ್ವಲ್ಪ ಹೊತ್ತಿಗೆ, ನರವನ್ನು ಸುತ್ತಿಕೊಂಡಿದ್ದ ಪೋಷಕಕೋಶ ಸದ್ದಿಲ್ಲದೆ ಏನನ್ನೋ ನರಕ್ಕೆ ದಾಟಿಸತೊಡಗಿತು. ಸ್ನಾಯು ಉಬ್ಬಿ ದಾರಿಗೆ ಅಡ್ಡ ನಿಂತಿತು.

"ಏನದು, ಕದ್ದುಮುಚ್ಚಿ?"

"ರಕ್ಷಕರು," ಎಂದಿತು ಪೋಷಕಕೋಶ. "ನರಕ್ಕೆ ತಾನೇ ಮಾಡಿಕೊಳ್ಳಲು ಬರುವುದಿಲ್ಲ. ಅದರ ಪಾಲಿನದನ್ನು ನಾನು ಮಾಡಿ ಕೊಡುತ್ತೇನೆ. ಮೊದಲಿನಿಂದಲೂ ಇದೇ ಏರ್ಪಾಡು."

"ಒಂದೇ ಮೈ, ಒಂದೇ ಬಿಸಿ. ನನಗೆ ಬರುವುದು ಅದಕ್ಕೆ ಯಾಕೆ ಬರುವುದಿಲ್ಲ? ಇದರಲ್ಲಿ ಏನೋ ಇದೆ," ಎಂದ ಸ್ನಾಯು ಜ್ವರ ಇಳಿಯುವವರೆಗೂ ಜಾಗ ಬಿಟ್ಟು ಕದಲಲಿಲ್ಲ.

ಜ್ವರ ಇಳಿಯಿತು. ಮಂಚದ ಪಕ್ಕಕ್ಕೆ ಗಂಜಿಯ ಲೋಟ ಬಂತು. ಸ್ನಾಯುವಿನಲ್ಲಿ ಒಂದು ಎಳೆಯೂ ಕೆಟ್ಟಿರಲಿಲ್ಲ. ಲೋಟ ಹಿಡಿಯುವ ಅಪ್ಪಣೆಗಾಗಿ ಅದು ಕಾಯಿತು. ಅಪ್ಪಣೆ ಬರಲಿಲ್ಲ, ನರ ಬಿಸಿಗೆ ಮುದುಡಿ ಸುಮ್ಮನಾಗಿತ್ತು. ಗಂಜಿ ಆರಿ ಕೆನೆಗಟ್ಟಿತು.

"ನೋಡಿದೆಯಾ," ಎಂದಿತು ಸ್ನಾಯು ಪೋಷಕಕೋಶಕ್ಕೆ, "ಕೇಳಿದರೆ ಈಗ ಬಾಯೇ ಬಿಡುತ್ತಿಲ್ಲ. ನನಗೆ ಆಗಲೇ ಅನುಮಾನ ಇತ್ತು."